ಒಂದು ಸೈಜು ದೊಡ್ಡ ಕೋವಿ

ನಮ್ಮ ಮನೆಯಲ್ಲಿ ಮಕ್ಕಳ ವಸ್ತುವನ್ನು ಅಳತೆಗೆ ಸರಿಯಾಗಿ ಕೊಂಡ ಚರಿತ್ರೆಯೇ ಇಲ್ಲ. ಅಂಗಿಯಾಗಲಿ, ಶೂ ಆಗಲಿ, ಸೈಕಲ್ಲಾಗಲಿ, ಅಂಗಡಿಯವನು "ಇದು ಕರೆಕ್ಟ್ ಆಗ್ತದೆ" ಎಂದರೆ ನನಗೆ ಅವನ ಮೇಲೆಯೇ ಸಂಶಯ. ಇವತ್ತು ಕರೆಕ್ಟ್ ಆದದ್ದು ಬರುವ ವರ್ಷಕ್ಕೆ ಬಿಗಿಯಾಗುತ್ತದೆ ಎಂದು ಗೊತ್ತಿಲ್ಲದವನು ಅಂಗಡಿ ಯಾಕೆ ಇಟ್ಟುಕೊಂಡಿದ್ದಾನೆ? ಕಾರ್ಕಳದಲ್ಲಿ ನನ್ನ ಅಮ್ಮ ನಮ್ಮ ಲಂಗಗಳಿಗೆ ಎರಡು ಮಡಿಕೆ ಒಳಗೆ ಹೊಲಿಸಿ, ವರ್ಷಕ್ಕೊಂದು ಬಿಚ್ಚುತ್ತಿದ್ದಳು. ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ಫ್ಲ್ಯಾಟು ಮಾಡಿ ಕುಳಿತ ಮೇಲೆ ನಾನೂ ಹಾಗೆಯೇ ಮಾಡಿದೆ. ಇದರಲ್ಲಿ ವಿಶೇಷವೇನಿಲ್ಲ, ನಮ್ಮ ಕಡೆಯ ತಾಯಂದಿರೆಲ್ಲ ಮಾಡುವುದೇ. ಆದರೆ ಕೋವಿಯನ್ನು ಕೂಡ "ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ" ಎಂದು ಆರಿಸಿದವಳು ಇಡೀ ಒಮಾನಿನಲ್ಲಿ ನಾನೊಬ್ಬಳೇ ಇರಬೇಕು.

ಮಗಳಿಗೆ ಆಗ ಹದಿನಾರು ದಾಟಿತ್ತು. ಎತ್ತರ ನಾಲ್ಕಡಿ ಒಂಬತ್ತು ಇಂಚು, ಹದಿಮೂರರಲ್ಲಿಯೂ ಅಷ್ಟೇ ಇತ್ತು. ಶಾಲೆಯ ಗ್ರೂಪ್ ಫೋಟೋಗಳಲ್ಲೆಲ್ಲ ಅವಳು ಮೊದಲ ಸಾಲಿನಲ್ಲಿ, ನೆಲಕ್ಕೆ ಮೊಣಕಾಲೂರಿ ಕುಳಿತವಳು. ರಜೆಗೆ ಊರಿಗೆ ಹೋದರೆ ನೆಂಟರು ಕೈಕಾಲು ತೊಳೆಯಲು ನೀರು ಕೊಡುವ ಮೊದಲೇ ಕೇಳುತ್ತಿದ್ದರು: "ಎಂತ ಇದು, ಹುಡುಗಿ ಹೋದ ಸಲ ನೋಡಿದ ಹಾಗೇ ಉಂಟಲ್ಲ?" ಆಮೇಲೆ ನನ್ನ ಮುಖ ನೋಡಿ ಸಮಾಧಾನಕ್ಕೆ ಒಂದು ಗಾದೆ: "ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಬಿಡಿ." ಆ ಗಾದೆ ಕಿವಿಗೆ ಬಿದ್ದರೆ ಮಗಳು ಹಲ್ಲು ಕಚ್ಚುತ್ತಿದ್ದಳು. "ಅಮ್ಮಾ, ಐ ಆ್ಯಮ್ ನಾಟ್ ಎ ಮೂರ್ತಿ" ಎಂದು ಒಮ್ಮೆ ಎಲ್ಲರೆದುರೇ ಹೇಳಿಬಿಟ್ಟಳು. ನನಗೆ ನಗು ಬಂತು, ನೆಂಟರಿಗೆ ಬರಲಿಲ್ಲ.

ಎರಡು ವರ್ಷ ಮೊದಲು ಡಾಕ್ಟರ್ ಅವಳ ಎಡಗೈಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನಮ್ಮ ಮೂವರಿಗೂ ಬಿಡಿಸಿ ಹೇಳಿದ್ದರು. ಮೂಳೆಯ ತುದಿಗಳು ಕೂಡಿಕೊಂಡಿವೆ, ಇನ್ನು ಎತ್ತರ ಆಗುವುದಿಲ್ಲ, ಆರೋಗ್ಯಕ್ಕೆ ಏನೂ ತೊಂದರೆಯಿಲ್ಲ. ಗಂಡ ತಲೆಯಾಡಿಸಿದರು. ಮಗಳು "ಓಕೆ" ಎಂದಳು. ನಾನು ಮಾತ್ರ ಆ ಮಾತನ್ನು ಡಾಕ್ಟರ ರೂಮಿನಲ್ಲಿಯೇ ಬಿಟ್ಟು ಎದ್ದು ಬಂದೆ. ಡಾಕ್ಟ್ರೇನು ದೇವರಾ? ಮರುದಿನದಿಂದಲೇ ಬೆಳಿಗ್ಗೆ ರಾಗಿ ಗಂಜಿ, ಸಂಜೆ ಬಾದಾಮಿ ಹಾಲು. ಬೆಡ್‌ರೂಮಿನ ಬಾಗಿಲ ಚೌಕಟ್ಟಿಗೆ ಒಂದು ಕಬ್ಬಿಣದ ಸರಳು ಹಾಕಿಸಿದೆ. ಶಾಲೆಯಿಂದ ಬಂದವಳು ದಿನಾ ಅದರಲ್ಲಿ ನೇತಾಡಬೇಕು. ಸ್ಟೂಲು ಇಟ್ಟರಷ್ಟೇ ಅವಳಿಗೆ ಅದು ಎಟಕುತ್ತಿತ್ತು. ಆದರೂ ಒಂದು ದಿನ ತಕರಾರು ಮಾಡಿದವಳಲ್ಲ. "ನೋಡಿ, ಅವಳಿಗೂ ಆಸೆ ಉಂಟು" ಎಂದು ನಾನು ಗಂಡನಿಗೆ ಹೇಳುತ್ತಿದ್ದೆ. ಅವರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಕೋವಿಯ ಸಂಗತಿ ಶುರುವಾದದ್ದು ಗಂಡನ ಕಂಪನಿಯ ಫ್ಯಾಮಿಲಿ ಡೇಯಲ್ಲಿ. ಅವರು ರುಸೈಲ್‌ನ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಸೂಪರ್‌ವೈಸರ್. ಆ ವರ್ಷ ಕಂಪನಿಯವರಿಗೆ ಏನು ಹೊಳೆಯಿತೋ, ಬೀಚಿನ ಬಿರಿಯಾನಿ ಬಿಟ್ಟು ನಿಜ್ವಾ ರಸ್ತೆಯಲ್ಲಿ ಗುಡ್ಡಗಳ ನಡುವೆ ಇರುವ ಒಂದು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ಹಕ್ಕಿ ಬೇಟೆ ಇಲ್ಲಿ ಈಗ ನಿಂತುಹೋದ ಹಾಗೆಯೇ. ಹಳೆಯ ಬೇಟೆಯ ಕೋವಿಗಳಿಗೆ ಉಳಿದ ಕೆಲಸವೆಂದರೆ ಯಂತ್ರ ಆಕಾಶಕ್ಕೆ ಎಸೆಯುವ ಮಣ್ಣಿನ ಬಿಲ್ಲೆಗಳನ್ನು ಒಡೆಯುವುದು. ಗಂಡಸರೆಲ್ಲ ಸಾಲು ನಿಂತು, ಭುಜ ಉಜ್ಜಿಕೊಂಡು, ಬಿಲ್ಲೆಗಳನ್ನು ಸುಖವಾಗಿ ಹಾರಲು ಬಿಟ್ಟರು. ಮಗಳು ಕೊನೆಗೆ ಹೋಗಿ ನಿಂತಳು. ಕ್ಲಬ್ಬಿನ ಕೋಚ್ ಹಿಂದಿನಿಂದ ಅವಳ ಮೊಣಕೈಗೆ ಕೈಕೊಟ್ಟು ಹಿಡಿದಿದ್ದಳು. ಬಿಲ್ಲೆ ಹಾರಿತು, ಢಂ ಎಂದಿತು, ಆಕಾಶದಲ್ಲಿ ಕಪ್ಪು ಪುಡಿ ಮಾತ್ರ ಉಳಿಯಿತು. ಅವಳು ತಿರುಗಿ ನಮ್ಮನ್ನು ನೋಡಿದ ಮುಖ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಹುಟ್ಟಿದಂದಿನಿಂದ ಆ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಹಿಂದಿನ ಸೀಟಿನಿಂದ ಹೇಳಿದಳು, "ಬಿಲ್ಲೆಗೆ ನನ್ನ ಹೈಟ್ ಗೊತ್ತಾಗುದಿಲ್ಲ ಅಮ್ಮಾ. ಐ ವಾಂಟ್ ಟು ಲರ್ನ್ ದಿಸ್."

ನಮ್ಮ ಮನೆತನದಲ್ಲಿ ಕೋವಿ ಹಿಡಿದವರು ಯಾರೂ ಇಲ್ಲ. ಆಯುಧಪೂಜೆಗೆ ನಾವು ಇಡುವುದು ತೆಂಗಿನಕಾಯಿ ತುರಿಯುವ ಮಣೆ, ಮಿಕ್ಸಿ ಮತ್ತು ಕಾರಿನ ಕೀ. "ಭರತನಾಟ್ಯ ಉಂಟು, ಕೀಬೋರ್ಡ್ ಉಂಟು, ಕೋವಿಯೇ ಬೇಕಾ ನಿಂಗೆ?" ಎಂದೆ. ಗಂಡ ಕನ್ನಡಿಯಲ್ಲಿ ಅವಳನ್ನು ನೋಡಿ, "ಕಲೀಲಿ ಮಾರಾಯ್ತಿ" ಎಂದರು. ಅಲ್ಲಿಗೆ ಖಲಾಸ್. ನಮ್ಮ ಮನೆಯಲ್ಲಿ ಅವರು ಬಾಯಿ ತೆರೆಯುವುದೇ ಅಪರೂಪ, ತೆರೆದಾಗ ನನ್ನ ಮಾತು ನಡೆಯುವುದಿಲ್ಲ.

ಕೋಚ್ ಮೂವತ್ತರ ಆಸುಪಾಸಿನ ಒಮಾನಿ ಹೆಣ್ಣು. ನನಗಿಂತಲೂ ಒಂದು ಗೇಣು ಎತ್ತರ, ಕಪ್ಪು ನಿಲುವಂಗಿ ಅಬಾಯಾದ ತೋಳು ಮೊಣಕೈವರೆಗೆ ಮಡಚಿ, ತಲೆವಸ್ತ್ರದ ಮೇಲೊಂದು ಕ್ಯಾಪು. ಕಾಲೇಜಿನ ಇಂಗ್ಲಿಷು, ಟೀವಿ ಸೀರಿಯಲ್ಲಿನ ಹಿಂದಿ, ಎರಡನ್ನೂ ಒಂದೇ ವಾಕ್ಯದಲ್ಲಿ ಆಡುತ್ತಿದ್ದಳು. ಕೋವಿಗಳು ಕ್ಲಬ್ಬಿನ ಲೈಸೆನ್ಸಿನಲ್ಲಿ ಕ್ಲಬ್ಬಿನಲ್ಲಿಯೇ ಇರುತ್ತವೆ, ನಾವು ಮನೆಗೆ ತರುವ ಹಾಗಿಲ್ಲ. ಆದರೆ ಕಲಿಯುವವರಿಗೆ ಒಂದನ್ನು ಆರಿಸಿ ಮೀಸಲಿಡುತ್ತಾರೆ. ಸೇರಿಸಿದ ದಿನ ಅವಳು ಮೇಜಿನ ಮೇಲೆ ಎರಡು ಕೋವಿ ಇಟ್ಟಳು.

ಒಂದು ಮಕ್ಕಳ ಕೋವಿ. ಗಿಡ್ಡ, ಹಗುರ, ಮರವೆಲ್ಲ ಗೀರು ಬಿದ್ದು ಮುದಿಯಾದದ್ದು. ಇನ್ನೊಂದು ಹಳೆಯ ಬೇಟೆಯ ಕೋವಿ, ಒಂದರ ಮೇಲೊಂದು ಎರಡು ನಳಿಗೆ, ಕಬ್ಬಿಣದ ಮೇಲೆ ಕೌಜುಗದ ಚಿತ್ರ, ಆಕ್ರೋಟು ಮರ ಜೇನುತುಪ್ಪದ ಬಣ್ಣಕ್ಕೆ ತಿರುಗಿತ್ತು. ಬೇಟೆ ಬಿಟ್ಟ ಯಾರೋ ಹಿರಿಯರು ಕ್ಲಬ್ಬಿಗೆ ಕೊಟ್ಟು ಹೋದದ್ದಂತೆ. ನಾನು ನನ್ನ ಕೆಲಸದಲ್ಲಿ ದಿನಾ ಟೈಲ್ಸ್ ಶೋರೂಮಿನಲ್ಲಿ ನಿಂತು ಗಿರಾಕಿಗಳಿಗೆ ಚಂದದ್ದು ಯಾವುದು ಎಂದು ತೋರಿಸುವವಳು. ಯಾವುದರ ಮೇಲೆ ಕೈಯಿಡಬೇಕು ಎಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ.

ಹಗುರದ್ದೇ ಸಣ್ಣವರಿಗೆ ಸರಿ ಅಲ್ಲವಾ ಎಂದು ಗಂಡ ಕೇಳಿದರು. ಕೋಚ್ ತಲೆಯಲ್ಲಾಡಿಸಿದಳು. ಎಲ್ಲರೂ ಮಾಡುವ ತಪ್ಪು ಅದು ಎಂದಳು. ಕೋವಿ ಹಗುರವಾದಷ್ಟೂ ಹಾರಿಸಿದಾಗ ಹಿಂದಕ್ಕೆ ಜೋರಾಗಿ ಒದೆಯುತ್ತದೆ, ಭಾರದ ಕೋವಿ ಒದೆತವನ್ನು ತಾನೇ ನುಂಗಿಕೊಳ್ಳುತ್ತದೆ. ತುಂಬ ಭಾರವಾದರೆ ಎತ್ತಲಾಗುವುದಿಲ್ಲ, ಇದು ನಡುವಿನದು, ನಳಿಗೆಯ ಬಾಯಿಯೂ ಸಣ್ಣದು, ಹುಡುಗಿಗೆ ಒಳ್ಳೆಯದು. ತೊಂದರೆ ಒಂದೇ, ಇದರ ಸ್ಟಾಕ್ ಉದ್ದ. ಭುಜಕ್ಕೆ ಆನಿಸುವ ಹಿಂದಿನ ಮರದ ಭಾಗಕ್ಕೆ ಸ್ಟಾಕ್ ಎನ್ನುತ್ತಾರೆ ಎಂದು ಆ ದಿನವೇ ನನಗೆ ಗೊತ್ತಾದದ್ದು.

"ಅದನ್ನು ಅವಳ ಅಳತೆಗೆ ಕತ್ತರಿಸಬೇಕು" ಎಂದಳು ಕೋಚ್. "ಕ್ಲಬ್ಬಿನವರು ಒಪ್ಪಿದ್ದಾರೆ. ನೀವು ಹ್ಞೂಂ ಅಂದರೆ ಆಯಿತು."

ನಾನು ಕೋವಿಯನ್ನು ನನ್ನ ಕಡೆಗೆ ಎಳೆದುಕೊಂಡೆ. "ಇಷ್ಟು ಚಂದದ ಮರವನ್ನು ಕತ್ತರಿಸುವುದಾ? ಬೇಡ ಬೇಡ. ಬೆಳೆಯುವ ಮಗು ಅವಳು. ಈಗ ಸ್ವಲ್ಪ ಉದ್ದ ಆದ್ರೂ ಬರುವ ವರ್ಷಕ್ಕೆ ಸರಿಯಾಗ್ತದೆ."

ಕೋಚ್ ಮಗಳ ಕಡೆ ನೋಡಿದಳು. ಮಗಳು ತನ್ನ ಶೂಸಿನ ತುದಿ ನೋಡಿದಳು. "ಶರ್ಟು ದೊಡ್ಡದಾದರೆ ತೋಳು ಮಡಚಬಹುದು ಮದಾಮ್" ಎಂದಳು ಕೋಚ್, "ಕೋವಿ ದೊಡ್ಡದಾದರೆ ಮೈಯನ್ನೇ ಮಡಚಬೇಕಾಗುತ್ತದೆ." ನಾನು ಕೇಳಿಸದವಳ ಹಾಗೆ ಮರ ಸವರುತ್ತಾ ನಿಂತೆ. ಮಗಳು ಮೆಲ್ಲಗೆ, "ಇಟ್ಸ್ ಓಕೆ ಕೋಚ್, ಹೀಗೇ ಟ್ರೈ ಮಾಡ್ತೇನೆ" ಎಂದಳು.

ಹಾಗೆ ಒಂದು ಚಳಿಗಾಲ ಕಳೆಯಿತು. ಪ್ರತಿ ಶುಕ್ರವಾರ ಬೆಳಿಗ್ಗೆ ನಾನೇ ಅವಳನ್ನು ಕರೆದುಕೊಂಡು ಹೋಗುತ್ತಿದ್ದೆ. ಫ್ಲಾಸ್ಕಿನಲ್ಲಿ ಚಹಾ ಹಿಡಿದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದೆ. ಸೊಂಟದಲ್ಲಿ ತುಂಬಿದ ಕೊಡ ಇಟ್ಟವಳ ಹಾಗೆ ಮಗಳು ಹಿಂದಕ್ಕೆ ಬಾಗಿ, ಕುತ್ತಿಗೆ ಮುಂದಕ್ಕೆ ಚಾಚಿ, ಆ ಉದ್ದದ ಕೋವಿಯನ್ನು ಹೇಗೋ ಎತ್ತಿ ಹಿಡಿಯುತ್ತಿದ್ದಳು. ಕೋಚ್ ಹಗುರ ತೋಟಾ ಹಾಕಿ ಕೊಡುತ್ತಿದ್ದಳು, ಕಾಲು ಸರಿಸಿ ನಿಲ್ಲಿಸುತ್ತಿದ್ದಳು, ಮುಂದೆ ಬಾಗು ಎನ್ನುತ್ತಿದ್ದಳು. ಬಿಲ್ಲೆ ಹಾರುವುದು, ಢಂ ಎನ್ನುವುದು, ಬಿಲ್ಲೆ ಹೋಗಿ ಮಣ್ಣಿನಲ್ಲಿ ಇಡಿಯಾಗಿ ಬೀಳುವುದು. ನಾನು ಕುರ್ಚಿಯಿಂದ, "ಪರವಾಗಿಲ್ಲ ಮಗಾ, ಅಭ್ಯಾಸ ಆಗ್ಲಿ" ಎಂದು ಕೂಗುತ್ತಿದ್ದೆ. ಅಂಗಿ ದೊಡ್ಡದಾದಾಗಲೂ ನಾನು ಹೇಳುತ್ತಿದ್ದದ್ದು ಅದನ್ನೇ.

ಫೆಬ್ರವರಿಯ ಹೊತ್ತಿಗೆ ನೆಪಗಳು ಶುರುವಾದವು. ಒಂದು ಶುಕ್ರವಾರ ಕೆಮಿಸ್ಟ್ರಿ ಟೆಸ್ಟು, ಇನ್ನೊಂದು ಶುಕ್ರವಾರ ತಲೆನೋವು. ಬಿಲ್ಲೆ ಒಡೆದ ದಿನ ಕಾರಿನಲ್ಲಿ ಬಾಯಿ ಮುಚ್ಚದವಳು ಈಗ ಕ್ಲಬ್ಬಿನ ಹೆಸರೆತ್ತಿದರೆ ಮೊಬೈಲು ಹಿಡಿದು ಕೂರುತ್ತಿದ್ದಳು. ನನಗೆ ಸಿಟ್ಟು ಬಂತು. "ನಿಂದೇ ಆಸೆ, ನಿಂದೇ ಹಟ, ಈಗ ಬೋರಾಯ್ತಾ?" ಎಂದು ಬೈದೆ.

ಆ ಶನಿವಾರ ಅವಳಿಗೆ ಎಣ್ಣೆ ಸ್ನಾನ. ಸ್ಟೂಲಿನ ಮೇಲೆ ಕೂರಿಸಿ ತಲೆಗೆ ಬಿಸಿ ತೆಂಗಿನೆಣ್ಣೆ ತಟ್ಟುತ್ತಾ, ಕುತ್ತಿಗೆಗೆ ಹಚ್ಚಲೆಂದು ಟವೆಲು ಸರಿಸಿದೆ. ಬಲದೋಳಿನ ಮೇಲೆ, ಭುಜದ ಗುಳಿಯಲ್ಲಿ ಅಲ್ಲ, ಅದಕ್ಕೂ ಹೊರಗೆ ತೋಳಿನ ಮಾಂಸದಲ್ಲಿ, ಅಂಗೈಯಗಲ ನೀಲಿ. ನೀಲಿಯ ಅಂಚಿನಲ್ಲಿ ಹಳೆಯ ಪೆಟ್ಟಿನ ಹಳದಿ. ಕೆನ್ನೆಯ ಎಲುಬಿನ ಮೇಲೂ ಸಣ್ಣ ಊತ, ಅದನ್ನು ಅವಳು ಇಷ್ಟು ದಿನ ಕೂದಲು ಬಿಟ್ಟು ಮುಚ್ಚಿಕೊಂಡಿದ್ದಳು.

"ಅಯ್ಯೋ ದೇವರೇ, ಎಂತ ಮಗಾ ಇದು? ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?"

"ಹೇಳಿದ್ರೆ ನೀನು ಕ್ಲಬ್ಬೇ ಬಿಡಿಸ್ತಿದ್ದಿ" ಎಂದಳು. ಆಮೇಲೆ, ನನಗೆ ಬೆನ್ನು ಹಾಕಿಯೇ, "ಈಗ ಶೂಟ್ ಮಾಡುವ ಮೊದ್ಲೇ ನನ್ನ ಕಣ್ಣು ಮುಚ್ಚಿ ಹೋಗ್ತದೆ ಅಮ್ಮಾ. ಐ ಕಾಂಟ್ ಸ್ಟಾಪ್ ಇಟ್. ಐ ವಾಸ್ ಗುಡ್ ಅಟ್ ಇಟ್, ನೋ? ಮೊದಲನೇ ದಿನ?" ಎಂದಳು.

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಎಣ್ಣೆ ಕೈಯಲ್ಲಿಯೇ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತೆ. ನೈಟಿಯೆಲ್ಲ ಎಣ್ಣೆಯಾಯಿತು.

ಸಂಜೆ ಕೋಚಿಗೆ ಫೋನ್ ಮಾಡಿ ಜಗಳಕ್ಕೇ ನಿಂತೆ. ಮಗುವಿನ ತೋಳು ಹಾಗಾಗಿದೆ, ನೀವೆಲ್ಲ ಏನು ನೋಡುತ್ತಿದ್ದೀರಿ ಎಂದೆಲ್ಲ ಕೂಗಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ತನಗೂ ಹುಡುಗಿ ತೋಳು ತೋರಿಸಿಲ್ಲ, ತೋರಿಸಿದ್ದರೆ ಅಂದೇ ನಿಲ್ಲಿಸುತ್ತಿದ್ದೆ ಎಂದಳು. ಉದ್ದದ ಸ್ಟಾಕ್ ಭುಜದ ಗುಳಿಯಲ್ಲಿ ಕೂರದೆ ತೋಳಿಗೆ ಜಾರುತ್ತದೆ, ಅಲ್ಲಿ ಒದೆಯುತ್ತದೆ. ಕಣ್ಣು ನಳಿಗೆಯ ನೇರಕ್ಕೆ ಬರುವುದಿಲ್ಲ, ಅದಕ್ಕೇ ಗುರಿ ತಪ್ಪುತ್ತದೆ. "ಇನ್ನು ಎರಡೇ ದಾರಿ ಮದಾಮ್. ಸ್ಟಾಕ್ ಕತ್ತರಿಸೋಣ, ಇಲ್ಲ ಅವಳನ್ನು ಬಿಡಿಸಿ. ಹೀಗೆಯೇ ಮುಂದುವರಿದರೆ ಕೋವಿ ಎಂದರೆ ನೋವು ಎಂದು ಅವಳ ಮೈಗೆ ಅಭ್ಯಾಸವಾಗುತ್ತದೆ. ಆಮೇಲೆ ಎಂಥ ಒಳ್ಳೆಯ ಕೋವಿ ಕೊಟ್ಟರೂ ಕಣ್ಣು ಮುಚ್ಚುತ್ತಾಳೆ."

ಫೋನು ಇಟ್ಟು ಗಂಡನ ಎದುರು ಕುಳಿತೆ. "ಇನ್ನೊಂದು ವರ್ಷ ನಿಲ್ಲಿಸಿ ನೋಡುವಾ. ಅಷ್ಟರಲ್ಲಿ ಒಂದೆರಡು ಇಂಚು..."

"ಅವಳಿಗೆ ನನ್ನ ಅಮ್ಮನ ಹೈಟ್ ಬಂದಿದೆ" ಎಂದರು ಅವರು. "ನನ್ನ ಅಮ್ಮನಿಗೆ ಎಂತ ಕಮ್ಮಿಯಾಗಿತ್ತು ಹೇಳು?"

ಕಮ್ಮಿಯೇನೂ ಆಗಿರಲಿಲ್ಲ. ನನ್ನ ಅತ್ತೆ ಉಪ್ಪಿನಕಾಯಿಯ ಭರಣಿ ಇಳಿಸಲು ಸ್ಟೂಲು ಹತ್ತುತ್ತಿದ್ದರು. ಆದರೆ ಅವರೆದುರು ನಿಂತು ಎದುರುತ್ತರ ಕೊಡುವ ಧೈರ್ಯ ಆರಡಿಯವರಿಗೂ ಇರಲಿಲ್ಲ, ನನಗಂತೂ ಖಂಡಿತ ಇರಲಿಲ್ಲ. "ಕಮ್ಮಿ ಅಂತ ನಾನು ಯಾವಾಗ ಹೇಳಿದೆ?" ಎಂದು ರೇಗಿದೆ.

"ಮತ್ತೆ ಆ ಸರಳು ಬಾಗಿಲಲ್ಲಿ ಯಾಕೆ?"

ನಾನು ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಮರುದಿನ ಕೋಚಿಗೆ, ಆಯಿತು, ಕತ್ತರಿಸುವವರ ಹತ್ತಿರ ಹೋಗೋಣ, ಆದರೆ ಎಷ್ಟು ಎಂದು ಅಲ್ಲಿ ನೋಡಿ ತೀರ್ಮಾನ ಎಂದು ಮೆಸೇಜು ಹಾಕಿದೆ.

ಮುಂದಿನ ಶುಕ್ರವಾರ ನಿಜ್ವಾಕ್ಕೆ ಹೋದೆವು. ಕೋವಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಪರವಾನಗಿಯ ಸಮೇತ ಕೋಚ್ ತನ್ನ ಕಾರಿನಲ್ಲಿ ತಂದಳು, ನಾನೂ ಮಗಳೂ ನಮ್ಮ ಕಾರಿನಲ್ಲಿ ಹಿಂದೆಯೇ ಹೋದೆವು. ಗಂಡನಿಗೆ ಆ ದಿನ ಡ್ಯೂಟಿ. ದಾರಿಯಲ್ಲಿ ನಾನು ಹಪ್ಪಳದಿಂದ ಹಿಡಿದು ಬೋರ್ಡ್ ಪರೀಕ್ಷೆಯವರೆಗೆ ಎಲ್ಲ ಮಾತಾಡಿದೆ, ಕೋವಿಯ ಮಾತು ಒಂದನ್ನು ಬಿಟ್ಟು. ಮಗಳು ಹ್ಞಾಂ, ಹ್ಞೂಂ ಎನ್ನುತ್ತಿದ್ದಳು.

ಅಲ್ಲಿನ ಹಳೇ ಪೇಟೆ ಸೂಕಿನ ಹಿಂದಿನ ಓಣಿಯಲ್ಲಿ ಆ ಅಂಗಡಿ. ಮದುವೆ, ಹಬ್ಬಗಳಲ್ಲಿ ಹೊರಗೆ ತೆಗೆಯುವ ಹಳೆಯ ರೈಫಲುಗಳ ಮರ ರಿಪೇರಿ ಮಾಡುವವನದು. ಬಿಳಿ ಗಡ್ಡ, ಕಸೂತಿ ಟೊಪ್ಪಿ, ಪ್ರಾಯದಲ್ಲಿ ಬೊಂಬಾಯಿಯಲ್ಲಿ ಇದ್ದವನಂತೆ, ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಮೊದಲು ಖರ್ಜೂರ ಮುಂದಿಟ್ಟು, ಸಣ್ಣ ಕಪ್ಪುಗಳಲ್ಲಿ ಏಲಕ್ಕಿ ಹಾಕಿದ ಕಾಫಿ, ಕಹ್ವಾ ಬಗ್ಗಿಸಿದ. ಸಾಕು ಎಂದು ನಾವು ಕಪ್ಪು ಅಲುಗಾಡಿಸುವವರೆಗೂ ಬಗ್ಗಿಸುತ್ತಲೇ ಇದ್ದ. ಆಮೇಲೆ ಕೋವಿಯನ್ನು ಬಿಚ್ಚಿ, ಎರಡೂ ನಳಿಗೆ ಖಾಲಿ ಇದೆಯೆಂದು ಬೆಳಕಿಗೆ ಹಿಡಿದು ನಮಗೆಲ್ಲ ತೋರಿಸಿ, ಮುಚ್ಚಿ ಮಗಳ ಕೈಗೆ ಕೊಟ್ಟ. ಕಣ್ಣು ಮುಚ್ಚು, ಕೋವಿ ಕೆನ್ನೆಗೆ ತಾ, ಈಗ ಕಣ್ಣು ತೆರೆ ಎಂದ. ಹಿಡಿಯ ಮೇಲಿನ ಅವಳ ಹೆಬ್ಬೆರಳಿಗೂ ಮೂಗಿಗೂ ನಡುವೆ ಒಂದು ಅಂಗೈಯಷ್ಟು ದೂರವಿತ್ತು. ಅಲ್ಲಿ ಮೂರು ಬೆರಳಿನಷ್ಟು ಇದ್ದರೆ ಸಾಕಂತೆ. ಅವನು ನಾಲಿಗೆಯಲ್ಲಿ ತ್ಚು ತ್ಚು ಎನ್ನುತ್ತಾ ಪೆನ್ಸಿಲಿನಿಂದ ಸ್ಟಾಕಿನ ಮೇಲೆ ಒಂದು ಗೆರೆ ಎಳೆದ. ಗೆರೆಯ ಆಚೆಗೆ ಎರಡು ಬೆರಳು ಅಗಲದ ಮರ ಉಳಿಯಿತು.

ಗರಗಸ ಕೈಗೆತ್ತಿಕೊಂಡವನು ನನ್ನನ್ನು ನೋಡಿದ. "ಮದಾಮ್, ಲಡ್ಕೀ ಔರ್ ಲಂಬೀ ಹೋಗೀ?"

ಹುಡುಗಿ ಇನ್ನೂ ಉದ್ದ ಆಗುತ್ತಾಳಾ? ಅವನು ಬರೀ ಕುತೂಹಲಕ್ಕೆ ಕೇಳಿದ್ದಲ್ಲ. ಇನ್ನೂ ಬೆಳೆಯುವವಳಾದರೆ ಸ್ವಲ್ಪವೇ ಕತ್ತರಿಸಿ, ಆ ತುಂಡನ್ನು ಎತ್ತಿಡುತ್ತೇನೆ, ಮುಂದೆ ಜೋಡಿಸಬಹುದು, ಉಳಿದದ್ದನ್ನು ಮುಟ್ಟುವುದಿಲ್ಲ ಎಂದು ವಿವರಿಸಿದ. ಇಲ್ಲವಾದರೆ ಗೆರೆಗೆ ಸರಿಯಾಗಿ ಕತ್ತರಿಸಿ, ಹಿಡಿಯನ್ನು ಅವಳ ಬೆರಳಿಗೆ ತಕ್ಕಂತೆ ತೆಳ್ಳಗೆ ಮಾಡಿ, ಕೆನ್ನೆ ತಾಗುವಲ್ಲಿಯೂ ಕೆತ್ತುತ್ತೇನೆ. ಆಮೇಲೆ ಅದು ಇವಳೊಬ್ಬಳಿಗೇ ಆಗುವ ಕೋವಿ. ಕೆತ್ತಿದ ಮರವನ್ನು ವಾಪಸು ತರಲಾಗುವುದಿಲ್ಲ, ಯೋಚಿಸಿ ಹೇಳಿ ಎಂದ.

ನನ್ನ ಬಾಯಿಗೆ "ಹಾಂ, ಹೋಗೀ" ಎಂದು ಬಂದೇ ಬಿಟ್ಟಿತ್ತು. ಎಷ್ಟು ವರ್ಷದ ಅಭ್ಯಾಸ ಅದು. ಅಷ್ಟರಲ್ಲಿ ಮಗಳು ನನ್ನ ಮೊಣಕೈ ಹಿಡಿದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅರ್ಧ ಇಂಗ್ಲಿಷು ಬೆರೆಸಿ ಉತ್ತರಿಸುವ ಹುಡುಗಿ, ಆ ಅಂಗಡಿಯಲ್ಲಿ ಬರೀ ಕನ್ನಡದಲ್ಲಿಯೇ ಮಾತಾಡಿದಳು. ಬೇರೆ ಯಾರಿಗೂ ಗೊತ್ತಾಗುವುದು ಬೇಡವೆಂದಿರಬೇಕು.

"ಅಮ್ಮಾ, ನಾನು ಇನ್ನು ಬೆಳೆಯುದಿಲ್ಲ. ಡಾಕ್ಟ್ರು ಹೇಳಿದ ದಿನವೇ ನಂಗೆ ಗೊತ್ತಾಗಿದೆ. ನಿಂಗೂ ಗೊತ್ತುಂಟು."

"ಗೊತ್ತಿದ್ರೆ ಮತ್ತೆ ದಿನಾ ಸರಳಲ್ಲಿ ನೇತಾಡಿದ್ದು ಯಾಕೆ?" ಎಂದೆ.

"ನೀನು ಅಷ್ಟು ಆಸೆಯಲ್ಲಿ ನೋಡ್ತಾ ನಿಲ್ತಿದ್ದಿ. ನಿಂಗೆ ಬೇಜಾರು ಮಾಡ್ಲಿಕ್ಕೆ ಮನಸ್ಸಾಗ್ಲಿಲ್ಲ."

"ಹಾಲು ಕುಡಿದದ್ದು?"

"ಹಾಲು ಚೆನ್ನಾಗಿತ್ತು" ಎಂದು ನಕ್ಕಳು. ನಗು ಹಾಗೆಯೇ ಕರಗಿತು. "ಆದ್ರೆ ಇದೊಂದು ನಂಗೋಸ್ಕರ ಬೇಕಮ್ಮಾ. ನೀನು ಕಾಯ್ತಾ ಇದ್ದೀಯಲ್ಲ ಒಬ್ಳು ಉದ್ದದ ಹುಡುಗಿಗೆ, ಅವಳು ಬರುದಿಲ್ಲ. ನಾನು ಇಲ್ಲೇ ಇದ್ದೇನೆ."

ಅವಳನ್ನು ಹೆತ್ತವಳು ನಾನು. ಹದಿನಾರು ವರ್ಷ ಅನ್ನ ಕಲಸಿ ಕೊಟ್ಟವಳು, ಜ್ವರ ಬಂದರೆ ತೊಡೆಯ ಮೇಲೆ ಮಲಗಿಸಿಕೊಂಡವಳು. ಅವಳ ಮೇಲೆ ನನಗಿರುವಷ್ಟು ಪ್ರೀತಿ ಈ ಲೋಕದಲ್ಲಿ ಯಾರಿಗೂ ಇಲ್ಲ. ಆದರೂ ಎರಡು ವರ್ಷದಿಂದ ನನ್ನ ಮಗು ನನ್ನೆದುರು ನಿಂತಿದ್ದರೆ ನಾನು ಅವಳ ತಲೆಯ ಮೇಲಿನ ಖಾಲಿ ಜಾಗವನ್ನೇ ನೋಡುತ್ತಿದ್ದೆ. ಕೋಚ್ ಗೋಡೆಯ ಮೇಲಿನ ರೈಫಲುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ್ದಳು. ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡು ಆ ಮುದುಕನ ಕಡೆ ತಿರುಗಿದೆ.

"ನಹೀ ಭಾಯ್. ಇತ್ನಾ ಹೀ." ಇಷ್ಟೇ.

"ಖಲಾಸ್?" ಎಂದ ಅವನು, ಖಾತ್ರಿ ಮಾಡಿಕೊಳ್ಳಲು.

ಖಲಾಸಂತೆ! ನನಗೆ ಅಷ್ಟು ದುಃಖದಲ್ಲಿಯೂ ರೋಷ ಬಂತು. "ಖಲಾಸ್ ಯಾಕೆ? ಪೂರಾ. ಮೇರೀ ಬೇಟೀ ಪೂರೀ ಹೋ ಗಯೀ. ನೀವು ಸರಿಯಾಗಿ ಕತ್ತರಿಸಿ" ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿದೆ, ನನ್ನ ಮಗಳು ಬೆಳೆದು ಪೂರ್ತಿಯಾಗಿದ್ದಾಳೆ ಎಂದು. ಅವನಿಗೆ ಎಷ್ಟು ಅರ್ಥವಾಯಿತೋ, "ಮಾಷಾಲ್ಲಾ" ಎಂದು ಗೆರೆಯ ಮೇಲೆ ಗರಗಸ ಇಟ್ಟ. ಮಗಳು ನನ್ನ ಕೈ ಬಿಡಲಿಲ್ಲ.

ಮರ ಕತ್ತರಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಕೆತ್ತಲು ಬೇಕಾಯಿತು. ಸ್ವಲ್ಪ ಉಜ್ಜುವುದು, ಅವಳ ಕೈಗೆ ಕೊಟ್ಟು ನೋಡುವುದು, ಮತ್ತೆ ಉಜ್ಜುವುದು. ಮಧ್ಯಾಹ್ನದ ನಮಾಜಿಗೆ ಅವನು ಅಂಗಡಿ ಎಳೆದು ಹೋದಾಗ ನಾವು ಮೂವರೂ ಪಕ್ಕದ ಹೋಟೆಲಿನಲ್ಲಿ ಪರಾಟ ತಿಂದೆವು. ವಾಪಸು ಬಂದು ಕೊನೆಯ ತುದಿಗೆ ರಬ್ಬರಿನ ಪಟ್ಟಿ ಕೂರಿಸಿದ. ಮಗಳು ಕೋವಿ ಎತ್ತಿದಳು. ಈ ಸಲ ಬಾಗಲಿಲ್ಲ, ಕುತ್ತಿಗೆ ಚಾಚಲಿಲ್ಲ. ನೆಟ್ಟಗೆ ನಿಂತವಳ ಭುಜಕ್ಕೆ ಕೋವಿ ತಾನಾಗಿ ಬಂದು ಕೂತಿತು.

ಒಂದು ಪರೀಕ್ಷೆ ಬಾಕಿ ಇದೆ ಎಂದಳು ಕೋಚ್. ನಳಿಗೆಯ ಎದುರು ಯಾರಾದರೂ ನಿಂತು, ಗುರಿಯಿಡುವವಳ ಕಣ್ಣು ನಳಿಗೆಯ ಸರಿ ನಡುವಿಗೆ ಬಂದಿದೆಯಾ ಎಂದು ನೋಡಬೇಕು. ಸಾಮಾನ್ಯವಾಗಿ ತಾನೇ ನೋಡುತ್ತೇನೆ, ಇವತ್ತು ನೀವು ನೋಡಿ ಎಂದಳು. ಮಗಳು ಕೂಡಲೇ ಕೋವಿ ಇಳಿಸಿದಳು. "ನೋ ವೇ. ಯಾರ ಕಡೆಗೂ ಪಾಯಿಂಟ್ ಮಾಡ್ಬಾರ್ದು ಅಂತ ನೀವೇ ಕಲಿಸಿದ್ದಲ್ವಾ?" ಕೋಚ್ ಭೇಷ್ ಎಂದಳು. ಮತ್ತೆ ಕೋವಿ ಬಿಚ್ಚಿ, ಎರಡೂ ನಳಿಗೆಯೊಳಗೆ ಬೆಳಕು ಬಿಟ್ಟು ನಮ್ಮಿಬ್ಬರಿಗೂ ತೋರಿಸಿದಳು. ನನ್ನ ಬೆರಳನ್ನೇ ಒಳಗೆ ಇಡಿಸಿದಳು. ಅಳತೆ ನೋಡುವ ಇಲ್ಲಿ ಮಾತ್ರ, ಇದೊಂದು ಸಲ ಮಾತ್ರ ಎಂದಳು.

ನಾನು ಹೋಗಿ ಎದುರು ನಿಂತೆ. ನನ್ನ ಎತ್ತರಕ್ಕೆ ನಳಿಗೆ ಕೆಳಗಿತ್ತು. ಮೊಣಕಾಲು ಬಗ್ಗಿಸಿ, ಸೀರೆ ನೆರಿಗೆ ಕೈಯಲ್ಲಿ ಹಿಡಿದು, ಅವಳ ಕಣ್ಣಿನ ಮಟ್ಟಕ್ಕೆ ಇಳಿದೆ. ನಳಿಗೆಯ ಆ ತುದಿಯಲ್ಲಿ, ಸರಿ ನಡುವೆ, ನನ್ನ ಮಗಳ ಕಣ್ಣು ಇತ್ತು. ಕಂದು ಬಣ್ಣ, ಉದ್ದ ರೆಪ್ಪೆ, ನನ್ನ ಅತ್ತೆಯದೇ ಕಣ್ಣು. ಮುಚ್ಚಲಿಲ್ಲ, ಮಿಟುಕಲಿಲ್ಲ, ನನ್ನನ್ನೇ ನೋಡುತ್ತಿತ್ತು. ನನ್ನ ಕಣ್ಣು ತುಂಬಿ ಬಂತು.

"ಅಳ್ಬೇಡ ಅಮ್ಮಾ, ಅಲುಗಾಡ್ಬೇಡ" ಎಂದಳು ಮರದ ಮೇಲೆ ಕೆನ್ನೆಯಿಟ್ಟುಕೊಂಡೇ. "ನೋಡಿ ಹೇಳು. ಸರಿ ಉಂಟಾ?"

"ಸರಿ ಉಂಟು ಮಗಾ" ಎಂದೆ. "ಒಂಚೂರು ಹೆಚ್ಚಿಲ್ಲ, ಒಂಚೂರು ಕಮ್ಮಿ ಇಲ್ಲ. ಸರಿಯಾಗಿ ಉಂಟು."